ದಾಕ್ಷಿಣ್ಯದ ಎಂಟು

ಹಳದಿ, ಏನೋ ಹಳದಿ ಓಡುತ್ತಿದೆ ರನ್‌ವೇ ಮೇಲೆ, ನಾಯಿಯಲ್ಲ, ಹಕ್ಕಿಯಲ್ಲ, ಕವರು, ಬರೀ ಅಂಗಡಿಯ ಪ್ಲಾಸ್ಟಿಕ್ ಕವರು, ಹೊಟ್ಟೆ ತುಂಬ ಗಾಳಿ ಕುಡಿದು ಒದ್ದೆ ಟಾರಿನ ಮೇಲೆ ಉರುಳುತ್ತ, ನಿಂತು ಯೋಚಿಸುತ್ತ, ಮತ್ತೆ ಎದ್ದು ಓಡುತ್ತ — ಪೂರ್ವದಿಂದ ಪಶ್ಚಿಮಕ್ಕೆ, ಬೆಳಗಿನಿಂದ ನಮ್ಮ ವಿಮಾನಗಳು ಇಳಿದು ಓಡುತ್ತಿರುವ ದಿಕ್ಕಿಗೇ, ಅಂದರೆ ಗಾಳಿ ತಿರುಗಿದೆ, ಅಂದರೆ ಇನ್ನು ಇಳಿಯುವವರ ಬೆನ್ನಿಗೇ ಗಾಳಿ, ನೋಡು, ಒಂದು ಅಂಗಡಿ ಕವರಿಗೆ ಗೊತ್ತಾದದ್ದು ಇಷ್ಟೆಲ್ಲ ಓದಿಕೊಂಡು ಟವರ್ ಹತ್ತಿ ಕುಳಿತವರಿಗೆ ಗೊತ್ತಿಲ್ಲ, ಅಲ್ಲ, ಗೊತ್ತಿದೆ, ಚೆನ್ನಾಗಿ ಗೊತ್ತಿದೆ, ಬಾಯಿ ಬಿಟ್ಟು ಹೇಳಬಾರದು ಅಷ್ಟೆ. ಜೀಪಿನವನಿಗೆ ಹೇಳಿ ಎತ್ತಿಸಬೇಕು, ಎಂಜಿನ್ ಒಳಗೆ ಹೋದರೆ ಕಷ್ಟ — ಬೇಡ, ಹೋಯಿತು, ತಾನೇ ಅಂಚು ದಾಟಿ ಹುಲ್ಲಿಗಿಳಿಯಿತು, ಹುಲ್ಲಿನ ಮೇಲೂ ಅದೇ ಓಟ, ಪಶ್ಚಿಮದ ಕೊನೆಯ ತಂತಿಬೇಲಿಯ ಕಡೆಗೆ, ಬೇಲಿಯಾಚೆ ಹಳೆಯ ಕಲ್ಲುಗಣಿ, ಗಣಿಯ ತುಂಬ ಹಸಿರು ನೀರು. ಪರದೆಯ ಮೇಲೆ ಗಾಳಿಯ ವೇಗದ ಅಂಕಿ ಹನ್ನೊಂದು ನಾಟ್. ಈಗ ಹನ್ನೆರಡು. ಮತ್ತೆ ಹನ್ನೊಂದು. ಗಾಳಿಚೀಲ ಪಶ್ಚಿಮಕ್ಕೆ ಕೈ ಚಾಚಿ ನಿಂತಿದೆ, ಇದಕ್ಕಿಂತ ಬಿಡಿಸಿ ಇನ್ನು ಯಾರು ಹೇಳಬೇಕು, ನಾಲ್ಕು ಕಡೆಯೂ ಗಾಜಿರುವ ಕೋಣೆಯಲ್ಲಿ ಸುಳ್ಳು ಬಚ್ಚಿಡಲು ಜಾಗವೇ ಇಲ್ಲ, ಆದರೂ ಇಲ್ಲಿ ಒಂದು ಸುಳ್ಳು ವರ್ಷಗಳಿಂದ ಸಂಸಾರ ಹೂಡಿದೆ, ಒಂದೇ ಸುಳ್ಳು, ಒಂದೇ ಅಂಕಿ, ಎಂಟು.

ಎಂಟು ಅನ್ನಮ್ಮ, ಎಂಟು — ಬೆನ್ನ ಹಿಂದಿನಿಂದ ಮೇಷ್ಟ್ರು, ಬಾಯಲ್ಲಿ ಪೆಪ್ಪರ್‌ಮಿಂಟ್, ಹಲ್ಲಿಗೆ ತಾಗಿ ಕಟಕಟ. ಈ ಪಾಳಿಯ ಮುಖ್ಯಸ್ಥರು, ನಮ್ಮಲ್ಲಿ ಅರ್ಧ ಜನಕ್ಕೆ ಮೈಕು ಹಿಡಿಯಲು ಕಲಿಸಿದವರು, ಅದಕ್ಕೇ ಮೇಷ್ಟ್ರು, ಗದರಿದವರಲ್ಲ, ಕೂಗಿದವರಲ್ಲ, ಬೆನ್ನಿಗೆ ಕೈ ಇಟ್ಟೇ ಬುದ್ಧಿ ಹೇಳುವವರು, ಗದರುವವರಾಗಿದ್ದರೆ ಎಷ್ಟು ಸುಲಭವಿತ್ತು, ಎದುರು ಮಾತಾಡಿ ಜಗಳ ಕಿತ್ತು ಮನೆಗೆ ಹೋಗಿ ಹಾಯಾಗಿ ಮಲಗಬಹುದಿತ್ತು, ಈ ಮೆತ್ತನೆಯ ದನಿಯ ಎದುರು ಸಿಟ್ಟಿಗೆ ಹಿಡಿತವೇ ಸಿಗುವುದಿಲ್ಲ. ಬೆನ್ನಿಗೆ ಹತ್ತು ನಾಟ್‌ವರೆಗೆ ಗಾಳಿ ಇದ್ದರೆ ಇಳಿಯಬಹುದು, ಹತ್ತು ದಾಟಿದರೆ ಇಳಿಯಬಾರದು, ಪೈಲಟ್‌ಗಳ ಪುಸ್ತಕದಲ್ಲಿ ಅಚ್ಚು ಹಾಕಿದೆ, ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುವ ಲೆಕ್ಕ. ಮೇಷ್ಟ್ರ ಲೆಕ್ಕ ಬೇರೆ. ಗಾಳಿ ಅಂದ್ಮೇಲೆ ಏರುತ್ತೆ, ಇಳಿಯುತ್ತೆ, ಹನ್ನೊಂದಕ್ಕೆ ಹೋಗಿದ್ದು ಎಂಟಕ್ಕೆ ಬರ್ಲೇಬೇಕಲ್ಲಮ್ಮ, ಅವ್ನು ನೆಲ ಮುಟ್ಟೋ ಹೊತ್ತಿಗೆ ಬಂದಿರುತ್ತೆ, ನೀನು ಅದನ್ನೇ ಒಂಚೂರು ಮುಂಚೆ ಹೇಳ್ತೀಯ, ಅಷ್ಟೆ. ಏಳು ಅಂದರೆ ಸುಳ್ಳಿನ ವಾಸನೆ ಹೊಡೆಯುತ್ತದೆ, ಒಂಬತ್ತು ಅಂದರೆ ಕ್ಯಾಪ್ಟನ್ ಹುಬ್ಬೇರಿಸುತ್ತಾನೆ, ಹತ್ತು ಅಂದರೆ ಪಕ್ಕದ ಸೀಟಿನವನ ಮುಖ ನೋಡುತ್ತಾನೆ, ಹನ್ನೊಂದು ಅಂದರೆ ಮೂತಿ ಎತ್ತಿಕೊಂಡು ಹೊರಟೇ ಹೋಗುತ್ತಾನೆ, ಎಂಟು ಒಂದೇ ಎಲ್ಲರಿಗೂ ಒಗ್ಗುವುದು, ಯಾರ ಮನಸ್ಸನ್ನೂ ನೋಯಿಸದ ಅಂಕಿ, ದಾಕ್ಷಿಣ್ಯದ ಎಂಟು. ಏರಿದ್ದು ಇಳಿಯಲೇಬೇಕಂತೆ. ನನ್ನ ರಕ್ತದೊತ್ತಡಕ್ಕೂ ಈ ಮಾತು ಹೇಳಿ ನೋಡಿ ಮೇಷ್ಟ್ರೇ.

ಕೆಮ್ಮು, ಬಲಗಿವಿಯಲ್ಲಿ ಕೆಮ್ಮು, ಈ ಕ್ಯಾಪ್ಟನ್ ಮಾತಾಡುವ ಮೊದಲು ಒಮ್ಮೆ ಕೆಮ್ಮುತ್ತಾನೆ, ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ, ಕೆಮ್ಮು ಮಾತ್ರ ಮನೆಯವರ ಕೆಮ್ಮಿನಷ್ಟೇ ಪರಿಚಯ, ಟವರ್, ರನ್‌ವೇ ಇಪ್ಪತ್ತಾರಕ್ಕೆ ನೇರವಾಗಿದ್ದೇನೆ. ಪೂರ್ವದ ಗಾಜಿನಲ್ಲಿ ಅವನ ಎರಡು ದೀಪ. ಎದುರಿಗೆ ಬರುವ ವಿಮಾನ ಬರುತ್ತಿರುವ ಹಾಗೆ ಕಾಣುವುದೇ ಇಲ್ಲ, ನಿಂತಲ್ಲೇ ನಿಂತು ದಪ್ಪವಾಗುತ್ತದೆ, ಅದರೊಳಗೆ ಇರುವ ಜನ ಈಗ ಬೆಲ್ಟು ಬಿಗಿದು, ಕುರ್ಚಿ ನೆಟ್ಟಗೆ ಮಾಡಿ, ಮಕ್ಕಳ ಕಿವಿಗೆ ಹತ್ತಿ ತುರುಕಿ, ಇಳಿದ ಕೂಡಲೇ ಯಾರಿಗೆ ಫೋನು ಮಾಡಬೇಕೆಂದು ಯೋಚಿಸುತ್ತಿರುತ್ತಾರೆ. ರನ್‌ವೇ ಒಂದೇ, ಹೆಸರು ಎರಡು, ಮನೆಯಲ್ಲಿ ಒಂದು ಶಾಲೆಯಲ್ಲಿ ಒಂದು ಹೆಸರಿರುವ ಮಗುವಿನ ಹಾಗೆ — ಪೂರ್ವದಿಂದ ಬಂದು ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ಇಪ್ಪತ್ತಾರು, ಗಣಿಯ ಕಡೆಯಿಂದ ಬಂದು ಪೂರ್ವಕ್ಕೆ ಮುಖ ಮಾಡಿದರೆ ಅದೇ ಟಾರಿನ ಹೆಸರು ಎಂಟು, ಗಾಳಿಯ ಎಂಟಲ್ಲ, ದಿಕ್ಕಿನ ಎಂಟು, ಹೊಸದರಲ್ಲಿ ನಾನು ಈ ಎರಡು ಎಂಟನ್ನು ಕಲಸಿಕೊಂಡು ಮೇಷ್ಟ್ರ ಹತ್ತಿರ ಬುದ್ಧಿ ಹೇಳಿಸಿಕೊಂಡಿದ್ದೆ, ಯಾವ ಎಂಟು ಅಂತ ಬಿಡಿಸಿ ಹೇಳ್ಬೇಕಮ್ಮ, ಇಲ್ದಿದ್ರೆ ಅನಾಹುತ ಆಗುತ್ತೆ. ಆಗ ಇದ್ದದ್ದು ಮುಳ್ಳಿನ ಮೀಟರು, ಮುಳ್ಳು ತೋರಿಸಿದ್ದನ್ನು ಹಾಗೇ ಓದುತ್ತಿದ್ದೆ, ಅದಕ್ಕೇ ನನಗೆ ಸೂಜಿ ಅಂತ ಹೆಸರಿಟ್ಟರು, ಸೂಜಿ ಬಂದ್ಲು, ಸೂಜಿ ಚುಚ್ಚಿದ್ಲು, ಚುಚ್ಚುತ್ತದಪ್ಪಾ, ಸೂಜಿಯ ಕೆಲಸವೇ ಅದು, ತಲೆ ನೇವರಿಸಲು ಬೇರೆ ಜನ ಇಟ್ಟುಕೊಳ್ಳಿ. ಗಾಳಿ ಪೂರ್ವದಿಂದ ಬರುವಾಗ ವಿಮಾನ ಪಶ್ಚಿಮದಿಂದ ಬರಬೇಕು, ಎದೆ ಕೊಟ್ಟು ಇಳಿಯಬೇಕು, ರನ್‌ವೇ ತಿರುಗಿಸಬೇಕು, ಅಷ್ಟೇ ತಾನೆ ವಿಷಯ. ಆದರೆ ತಿರುಗಿಸಿದರೆ ಸಾಲಿನಲ್ಲಿರುವವರೆಲ್ಲ ಸುತ್ತಿ ಬರಬೇಕು, ಹೊರಡಲು ನಿಂತವರೆಲ್ಲ ಆ ತುದಿಯಿಂದ ಈ ತುದಿಗೆ ಉರುಳಬೇಕು, ಮೋಡದೊಳಗೂ ದಾರಿ ತೋರಿಸುವ ಯಂತ್ರ ಇರುವುದು ಪೂರ್ವದ ಕಡೆ ಮಾತ್ರ, ಗಣಿಯ ಕಡೆಯಿಂದ ಕಣ್ಣಳತೆಯಲ್ಲೇ ಇಳಿಯಬೇಕು, ವಿಮಾನಗಳು ತಡವಾಗುತ್ತವೆ, ಫೋನುಗಳು ಹೊಡೆದುಕೊಳ್ಳುತ್ತವೆ, ಮೇಲಿನವರು ಕೇಳುತ್ತಾರೆ ಯಾರ್ರೀ ಅದು ತಿರುಗಿಸಿದ್ದು. ಎಂಟು ಅಂದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ.

ಭಾವ ಕೇಳಲಿಲ್ಲ. ಭಾವನೂ ಪೈಲಟ್, ಅವರಿಗೂ ಎಂಟು ಅಂದಿದ್ದರು ಮೇಷ್ಟ್ರು, ಇದೇ ಕುರ್ಚಿಯಲ್ಲಿ ಕುಳಿತು, ಇದೇ ಪೆಪ್ಪರ್‌ಮಿಂಟ್ ಬಾಯಲ್ಲಿ, ಹೀಗೇ ಮಳೆ ಬಂದು ನಿಂತ ಮಧ್ಯಾಹ್ನ, ನಾನು ಪಕ್ಕದ ನೆಲದ ಮೇಜಿನಲ್ಲಿ, ಅಂದರೆ ಇಳಿದ ವಿಮಾನಕ್ಕೆ ಎಡಕ್ಕೆ ತಿರುಗು ಬಲಕ್ಕೆ ತಿರುಗು ಅನ್ನುವ ಕೆಲಸದಲ್ಲಿ, ನನ್ನ ಅಕ್ಕನ ಗಂಡ ಬರುತ್ತಿದ್ದಾರೆಂದು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದೆ, ಪರದೆ ನನ್ನ ಕುರ್ಚಿಗೆ ಕಾಣುವುದಿಲ್ಲ, ಮೇಷ್ಟ್ರ ದನಿ ಕೇಳಿಸುತ್ತದೆ, ಎಂಟು ಅಂದರು, ಭಾವ ಧನ್ಯವಾದ ಅಂದರು, ಚಕ್ರ ನೆಲ ಮುಟ್ಟಿ ನೀರು ಚಿಮ್ಮಿತು, ಎಡಕ್ಕೆ ತಿರುಗಿ ಅನ್ನಲು ಬಾಯಿ ತೆರೆದೆ, ತಿರುಗುವ ಜಾಗ ದಾಟಿತು, ಮುಂದಿನದು ದಾಟಿತು, ಕೊನೆಯದೂ ದಾಟಿತು — ಒದ್ದೆ ಬಚ್ಚಲಲ್ಲಿ ಯಾರೋ ಬೆನ್ನಿಗೆ ಕೈ ಹಾಕಿ ತಳ್ಳಿದ ಹಾಗೆ ಜಾರುತ್ತಲೇ ಹೋಗಿ ಟಾರು ಮುಗಿದು ಹುಲ್ಲು, ಹುಲ್ಲು ಮುಗಿದು ಕೆಸರು, ಮೂಗಿನ ಚಕ್ರ ಕೆಸರಿನಲ್ಲಿ ಹೂತು ನಿಂತಿತು, ಬೇಲಿ ಇಷ್ಟೇ ದೂರ, ಬೇಲಿಯಾಚೆ ಹಸಿರು ನೀರು. ಯಾರೂ ಸಾಯಲಿಲ್ಲ. ಒಬ್ಬ ಹೆಂಗಸಿನ ಕೈ ಮುರಿಯಿತು. ಯಾರೂ ಸಾಯದಿದ್ದರೆ ವಿಚಾರಣೆ ಬೇಗ ಮುಗಿಯುತ್ತದೆ, ಪರದೆಯ ಅಂಕಿ ಕ್ಷಣಕ್ಷಣಕ್ಕೆ ಅಳಿಸಿಹೋಗುತ್ತದೆ, ಟೇಪಿನಲ್ಲಿ ಉಳಿಯುವುದು ನಮ್ಮ ಬಾಯಿಮಾತು, ಟೇಪು ಹಾಕಿ ಕೇಳಿದರು, ಎಂಟು, ಸ್ಪಷ್ಟವಾಗಿ ಎಂಟು, ಎಂಟಕ್ಕೆ ಇಳಿಯಬಹುದು, ಹಾಗಾದರೆ ತಪ್ಪು ಪೈಲಟ್‌ನದು, ಚಕ್ರ ಮುಟ್ಟಿಸಿದ್ದು ತಡವಾಯಿತು, ಬ್ರೇಕು ತಡವಾಯಿತು. ಗಾಳಿಮಾತು ಅಂತ ಜನ ಯಾವುದಕ್ಕೋ ಹೇಳುತ್ತಾರೆ, ಗಾಳಿಮಾತು ಅಂದರೆ ಇದು, ಸರ್ಕಾರಿ ಮೊಹರು ಬಿದ್ದ ಗಾಳಿಮಾತು. ಭಾವ ಈಗ ಹಾರುವುದಿಲ್ಲ. ಮನೆಯ ನಲ್ಲಿ ರಿಪೇರಿ ಮಾಡುತ್ತಾರೆ, ಕೆಟ್ಟಿಲ್ಲದ ನಲ್ಲಿಯನ್ನೂ ಬಿಚ್ಚಿ ಜೋಡಿಸುತ್ತಾರೆ, ಅಕ್ಕ ಫ್ಯಾನ್ ಹಾಕಿದರೆ ಎಷ್ಟು ನಾಟ್ ಅಂತ ಕೇಳಿ ತಾವೇ ನಗುತ್ತಾರೆ, ಆ ನಗು ಮುಗಿಯುವವರೆಗೆ ನಾವೆಲ್ಲ ಗೋಡೆ ನೋಡುತ್ತೇವೆ.

ಮೇಷ್ಟ್ರು ಬಂದಿದ್ದರು ಅಕ್ಕನ ಮನೆಗೆ, ಕಿತ್ತಳೆ ಹಣ್ಣು ತಗೊಂಡು, ಕುರ್ಚಿಯ ತುದಿಯಲ್ಲಿ ಕೂತು, ದೊಡ್ಡ ಗಂಡಾಂತರ ತಪ್ತು ಅಂದ್ಕೊಳ್ಳಿ ತಾಯಿ ಅಂದರು, ನಿಜವಾಗಿಯೂ ಕಣ್ಣಲ್ಲಿ ನೀರಿತ್ತು, ಅದೇ ನನ್ನನ್ನು ಇನ್ನಷ್ಟು ಉರಿಸುವುದು, ಆ ಮನುಷ್ಯನಿಗೆ ತಾನು ಸುಳ್ಳು ಹೇಳಿದೆ ಅನ್ನಿಸಿಯೇ ಇಲ್ಲ, ಉಪಕಾರ ಮಾಡಿದೆ, ಅದು ಎಲ್ಲೋ ಕೈಕೊಟ್ಟಿತು ಅಂತ ನಂಬಿದ್ದಾರೆ. ಹಣ್ಣು ಅಡುಗೆಮನೆ ಕಟ್ಟೆಯ ಮೇಲೆ ಹಾಗೇ ಸುಕ್ಕುಗಟ್ಟಿತು, ಅಕ್ಕ ಮುಟ್ಟಲಿಲ್ಲ, ಎಸೆಯಲೂ ಇಲ್ಲ. ಎಂಟು ಅಂತ ಹೇಳಿದ್ದು ಯಾರು ಅಂತ ಗೊತ್ತಿದ್ದೂ ಅವ್ರ ಪಕ್ಕದಲ್ಲೇ ಕೂತು ಟೀ ಕುಡೀತೀಯಲ್ಲೇ, ಗಂಟಲಲ್ಲಿ ಇಳಿಯುತ್ತಾ ನಿಂಗೆ — ಅಕ್ಕ, ಪಾತ್ರೆ ಉಜ್ಜುತ್ತ, ತಿರುಗಿ ನೋಡದೆ. ಇಳಿಯುವುದಿಲ್ಲ ಅಕ್ಕಾ, ಅಲ್ಲಿಂದ ಇಲ್ಲಿಯವರೆಗೆ ಒಂದು ಲೋಟವೂ ಸರಿಯಾಗಿ ಇಳಿದಿಲ್ಲ. ಭಾವ ಮಾತ್ರ, ಅವ್ರ ಮೇಲೆ ನಂಗೆ ಸಿಟ್ಟಿಲ್ಲ ಕಣೆ, ಅವತ್ತು ನಂಗೂ ಎಂಟೇ ಬೇಕಿತ್ತು, ನನ್ನೆದುರಿನ ಮಾನಿಟರ್ ನೋಡಿದ್ರೆ ಗಾಳಿ ಎಷ್ಟು ಅಂತ ಗೊತ್ತಾಗ್ತಿತ್ತು, ನೋಡ್ಲಿಲ್ಲ, ಟವರ್ ಹೇಳ್ತಲ್ಲ ಅಂತ ಬಿಟ್ಟೆ, ಎಲ್ರಿಗೂ ಮನೆಗೆ ಹೋಗೋ ಆತುರ. ಈ ಒಳ್ಳೆಯತನವೇ ನನಗೆ ಆಗದು, ಎಲ್ಲರೂ ಎಲ್ಲರನ್ನೂ ಹೊಟ್ಟೆಗೆ ಹಾಕಿಕೊಂಡು ಕಡೆಗೆ ತಪ್ಪು ಯಾರದೂ ಅಲ್ಲ, ಬರೀ ಬ್ರೇಕಿನದು. ಭಾವನ ಗಲಾಟೆಯ ನಂತರ ನನಗೆ ಈ ಮೈಕು ಕೊಟ್ಟಿರಲಿಲ್ಲ, ಮನಸ್ಸು ಸರಿ ಇರಲ್ಲ ನಿಂಗೆ ಅಂತ ನೆಲದ ಮೇಜಿನಲ್ಲೇ ಕೂರಿಸಿದ್ದರು, ಇವತ್ತೇ ಮೊದಲು ಮತ್ತೆ ಈ ಕುರ್ಚಿ, ಹಿಂದೆ ಮೇಷ್ಟ್ರು, ಅವರು ಸರಿ ಅಂದರೆ ಕುರ್ಚಿ ನನ್ನದು, ಇಲ್ಲವೆಂದರೆ ಎಡಕ್ಕೆ ತಿರುಗು ಬಲಕ್ಕೆ ತಿರುಗು ಅನ್ನುತ್ತ ಮುದುಕಿಯಾಗಬೇಕು. ಗೊತ್ತು. ಗೊತ್ತಿದ್ದೇ ಬೆಳಿಗ್ಗೆ ಮೆಟ್ಟಿಲು ಹತ್ತಿದ್ದು.

ಕೆಮ್ಮು. ಟವರ್, ಗಾಳಿ ಹೇಳಿ. ದೀಪಗಳು ಬಟ್ಟಲಿನಷ್ಟು ದಪ್ಪವಾಗಿವೆ. ಪರದೆ ಹನ್ನೆರಡು. ಎಂಟು ಅನ್ನಮ್ಮ — ಮೆಲ್ಲಗೆ, ಪರೀಕ್ಷೆಯಲ್ಲಿ ಮಗುವಿಗೆ ಉತ್ತರ ಹೇಳಿಕೊಡುವ ಹಾಗೆ. ಹೆಬ್ಬೆರಳ ಕೆಳಗೆ ಗುಂಡಿ, ಗುಂಡಿಗೆ ಸಾವಿರ ಜನ ಒತ್ತಿ ಒತ್ತಿ ಅಕ್ಷರ ಅಳಿಸಿದೆ, ನನ್ನ ನಾಲಿಗೆ ಒಣಗಿದೆ, ಒಣಗಲಿ, ಒಣ ನಾಲಿಗೆಗೂ ಹನ್ನೆರಡು ಅನ್ನಲು ಬರುತ್ತದೆ — ಗಾಳಿ ಸೊನ್ನೆ ಎಂಟು ಸೊನ್ನೆ ಡಿಗ್ರಿ, ಪೂರ್ವ ದಿಕ್ಕಿನಿಂದ, ನಿಮ್ಮ ಬೆನ್ನಿಗೆ, ಹನ್ನೆರಡು ನಾಟ್. ಪೆಪ್ಪರ್‌ಮಿಂಟ್ ನಿಂತಿತು. ಕೆಮ್ಮು, ಇನ್ನೊಮ್ಮೆ ಹೇಳಿ ಟವರ್. ಯಾಕೆ, ಕಿವಿಗೆ ಹೊಸದಾಯಿತಾ, ಹನ್ನೆರಡು, ಒಂದು ಎರಡು, ಹನ್ನೆರಡು. ಅಲ್ಲಿ ವಿಮಾನದೊಳಗೆ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತಿರುತ್ತಾರೆ, ಆಮೇಲೆ, ಗೋ ಅರೌಂಡ್. ಅಂದರೆ ಇಳಿಯುವುದಿಲ್ಲ, ಎದ್ದು ಸುತ್ತಿ ಮತ್ತೆ ಬರುತ್ತೇನೆ. ಎರಡು ದೀಪ ಮೂಗೆತ್ತಿತು, ಎಂಜಿನ್ನಿನ ಸದ್ದು ಗಾಜನ್ನು ಹಿಡಿದು ಅಲುಗಿಸಿತು, ಬಿಳಿ ಹೊಟ್ಟೆ ನಮ್ಮ ಎದುರೇ ಮೇಲಕ್ಕೆ, ಚಕ್ರಗಳು ಮಡಚಿಕೊಳ್ಳುತ್ತ, ನನಗೆ ಹೆದರಿಕೆಯಲ್ಲ, ಸಂತೋಷ, ಎಷ್ಟು ದಿನದ ಸಂತೋಷ ಇದು, ಈ ಗೋಪುರದಿಂದ ನಿಜವಾದ ಅಂಕಿಯೊಂದು ಹೊರಗೆ ಹೋಯಿತು, ಹೋಗಿ ಒಂದು ವಿಮಾನವನ್ನೇ ಎತ್ತಿ ಮೇಲಿಟ್ಟಿತು. ಕೆಳಗೆ ಬೇಲಿಯಲ್ಲಿ ಹಳದಿ ಕವರು ಸಿಕ್ಕಿಕೊಂಡಿದೆ, ತಂತಿಗೆ ಬೆನ್ನು ಕೊಟ್ಟು ಪಟಪಟ ಬಡಿದುಕೊಳ್ಳುತ್ತಿದೆ.

ಏನಮ್ಮಾ ಮಾಡ್ಬಿಟ್ಟೆ. ಒಂದು ಫೋನು, ಅದರ ಮೇಲೆ ಇನ್ನೊಂದು, ಮೇಷ್ಟ್ರು ಎರಡನ್ನೂ ಎರಡು ಕಿವಿಗೆ ಹಿಡಿದು ಹಾಂ ಸಾರ್, ಇಲ್ಲ ಸಾರ್, ಹೊಸಬ್ರಲ್ಲ ಸಾರ್, ನೋಡ್ತೀನಿ ಸಾರ್, ವಿಮಾನ ಕಂಪನಿಯವರಿಗೆ ಇಂಧನದ ಚಿಂತೆ, ನಿಲ್ದಾಣದವರಿಗೆ ತಡವಾಗುವ ಚಿಂತೆ, ಕೆಳಗಿನ ರೇಡಾರ್ ಕೋಣೆಯವನು ಇಂಟರ್‌ಕಾಮಿನಲ್ಲಿ, ಸೂಜಿ, ಏನ್ ಕಥೆ, ಅವನ ಹಿಂದೆ ಇನ್ನೂ ಐದು ಜನ ಸಾಲಲ್ಲಿದ್ದಾರೆ, ಎಲ್ರನ್ನೂ ಹೀಗೇ ಎಬ್ಬಿಸಿ ಕಳಿಸ್ತೀಯಾ ಅಥ್ವಾ ಒಬ್ರಿಬ್ರಿಗೆ ಏನಾದ್ರೂ ರಿಯಾಯ್ತಿ ಇದೆಯಾ. ನಗು ಬಂತು. ನಗಬಾರದ ಹೊತ್ತಿಗೆ ಬರುವ ನಗು. ಅಷ್ಟರಲ್ಲಿ ಕೆಮ್ಮು, ಆಕಾಶದಲ್ಲಿ ಎಲ್ಲೋ ಸುತ್ತುತ್ತಿರುವ ಕೆಮ್ಮು, ಟವರ್, ಇನ್ನೊಂದ್ಸಲ ಬರ್ತೀನಿ, ಆಗ ಒಂದು... ಎಂಟು ಸಿಗಬಹುದಾ? ಕೇಳುವ ಚಂದ ನೋಡು, ತೂಕದಲ್ಲಿ ಒಂಚೂರು ಹೆಚ್ಚು ಕಡಿಮೆ ಮಾಡಿ ಅಂತ ತರಕಾರಿಯವಳನ್ನು ಕೇಳುವ ಹಾಗೆ, ಅಯ್ಯಾ ಕ್ಯಾಪ್ಟನ್, ನನ್ನ ಹತ್ತಿರ ಎಂಟು ಇಲ್ಲ, ಇದ್ದದ್ದನ್ನೆಲ್ಲ ಹಿಂದಿನವರು ಹಂಚಿ ಮುಗಿಸಿದ್ದಾರೆ, ನಿನ್ನ ಹಿಂದೆ ನೂರೈವತ್ತು ಜನ ಕೂತಿದ್ದಾರೆ, ನಿನ್ನ ಚಕ್ರದ ಕೆಳಗೆ ನೀರು ನಿಂತಿದೆ, ನಿನ್ನ ಎದುರಿಗೆ ಗಣಿ ಇದೆ, ನಿನಗೂ ಮನೆಗೆ ಹೋಗುವ ಆತುರ, ನನ್ನ ಭಾವನಿಗೂ ಇತ್ತು. ಇದನ್ನೆಲ್ಲ ರೇಡಿಯೋದಲ್ಲಿ ಹೇಳುವ ಹಾಗಿಲ್ಲ. ಹೇಳುವ ಹಾಗಿರುವುದು ಇಷ್ಟೇ — ಸದ್ಯದ ಗಾಳಿ ಹದಿಮೂರು ನಾಟ್, ಕಾಯಿರಿ. ಪರದೆ ನಿಜವಾಗಿಯೂ ಹದಿಮೂರು, ಏರಿದ್ದು ಇಳಿಯಲೇಬೇಕು ಅಂದವರು ಬಂದು ಇಳಿಸಲಿ.

ಹೆಡ್‌ಸೆಟ್ ಕೊಡಮ್ಮ. ಅಂಗೈ ಚಾಚಿದ್ದಾರೆ, ಮೆತ್ತನೆಯ ದುಂಡು ಅಂಗೈ, ಮೊದಲ ದಿನ ಈ ಗುಂಡಿಯ ಮೇಲೆ ನನ್ನ ಹೆಬ್ಬೆರಳಿಟ್ಟು ಹೆದರ್ಬೇಡ ಒತ್ತು ಅಂದಿದ್ದು ಇದೇ ಕೈ, ಮೇಷ್ಟ್ರೇ ನಿಮ್ಮ ಮೇಲೆ ನನಗೆ ಪ್ರೀತಿ ಇದೆ, ಸುಳ್ಳಲ್ಲ, ಪ್ರೀತಿ ಇದೆ, ಹೆಡ್‌ಸೆಟ್ ಕೊಡುವುದಿಲ್ಲ. ಕೊಡು, ಒಂದೈದು ನಿಮಿಷ ನಾನು ನೋಡ್ಕೋತೀನಿ, ನಿನ್ನ ತಲೆ ಬಿಸಿಯಾಗಿದೆ, ಹೋಗಿ ಮುಖ ತೊಳ್ಕೊಂಡು ಬಾ. ಈ ಕುರ್ಚಿ ಬದಲಾಗಲು ಎರಡು ಮಾತು ಬೇಕು, ಇವರೇ ಕಲಿಸಿದ್ದು — ಕೂರುವವರು ತಗೊಂಡೆ ಅನ್ನಬೇಕು, ಏಳುವವರು ಕೊಟ್ಟೆ ಅನ್ನಬೇಕು, ಎರಡೂ ಟೇಪಿನಲ್ಲಿ ಬೀಳಬೇಕು, ಒಂದೇ ಬಿದ್ದರೆ ಬದಲಾದ ಹಾಗಲ್ಲ, ಮಧ್ಯೆ ಯಾವ ವಿಮಾನವೂ ದಿಕ್ಕಿಲ್ಲದೆ ಉಳಿಯಬಾರದೆಂದು ಮಾಡಿದ ಕ್ರಮ. ತಗೊಂಡೆ, ಅಂದರು ಮೇಷ್ಟ್ರು, ಮೈಕಿನ ಹತ್ತಿರ ಬಗ್ಗಿ. ನಾನು ಪರದೆಯನ್ನೇ ನೋಡುತ್ತಿದ್ದೆ. ತಗೊಂಡೆ ಅಂದೆನಲ್ಲಮ್ಮ. ಹೂಂ, ಕೇಳಿಸಿತು, ನಾನು ಕೊಟ್ಟಿಲ್ಲ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಕ್ಕನ ದನಿ ಅದು, ಪಾತ್ರೆ ಉಜ್ಜುವಾಗಿನ ದನಿ. ನೆಲದ ಮೇಜಿನವನು ಪೆನ್ನು ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡುತ್ತಿದ್ದಾನೆ. ಮೇಷ್ಟ್ರ ಮುಖ ಕೆಂಪಾಗಲಿಲ್ಲ, ಬಿಳಿಚಿತು, ಅಷ್ಟು ವರ್ಷದಲ್ಲಿ ಕೊಟ್ಟಿಲ್ಲ ಅಂದವರನ್ನು ಅವರು ನೋಡಿಲ್ಲ, ಇಲ್ಲಿ ಎಲ್ಲರೂ ಕೇಳಿದ್ದನ್ನು ಕೊಟ್ಟವರೇ. ಭಾವನ ವಿಷಯಕ್ಕೆ ಹೀಗೆ ಮಾಡ್ತಿದ್ದೀಯಾ ನೀನು, ಅಂದರು ಕಡೆಗೆ, ಮೆಲ್ಲಗೆ. ಹೌದು. ಇಲ್ಲ. ಭಾವನ ವಿಷಯಕ್ಕೆ ನಿಮ್ಮ ಮನೆಗೆ ಬಂದು ಕೂಗಾಡಬೇಕಿತ್ತು, ಅದು ಮಾಡಲಿಲ್ಲ, ಇದು ಪರದೆಯ ಮೇಲಿನ ಹದಿಮೂರರ ವಿಷಯಕ್ಕೆ. ಇದನ್ನು ಹೇಳಿದೆನೋ ಬರೀ ಅಂದುಕೊಂಡೆನೋ, ಹೇಳಿದೆ ಅನ್ನಿಸುತ್ತದೆ, ಯಾಕೆಂದರೆ ಅವರು ಚಾಚಿದ ಕೈ ಹಿಂದಕ್ಕೆ ಹೋಯಿತು.

ಒಂದೇ ಒಂದು ಮಾತು ಕಣಮ್ಮ. ಈಗ ಬೇಡಿಕೊಳ್ಳುವ ದನಿ, ಇದು ಎಲ್ಲಕ್ಕಿಂತ ಕಷ್ಟ. ಆ ಕಡೆಯಿಂದ ಕಣ್ಣಳತೆಯಲ್ಲಿ ಇಳಿಸಿ ಏನಾದ್ರೂ ಆದ್ರೆ ನಿನ್ನ ಹೆಸರು ಬರುತ್ತೆ, ನನ್ನದಲ್ಲ, ನಾನು ಅಡ್ಡ ನಿಲ್ಲಕ್ಕಾಗಲ್ಲ, ನಿಂಗೆ ಒಳ್ಳೇದಾಗ್ಲಿ ಅಂತ ಹೇಳ್ತಿದ್ದೀನಿ, ಒಂದೇ ಒಂದು ಸಲ, ಎಂಟು ಅನ್ನು. ಕೆಮ್ಮಿನವನು ಮತ್ತೆ ಪೂರ್ವದ ಕಡೆ ಸಾಲು ಸೇರಲು ತಿರುಗುತ್ತಿದ್ದಾನೆ, ಹಿಂದೆ ಐದು ಜನ, ಈಗ ಹೇಳದಿದ್ದರೆ ಇನ್ನು ತಡವಾಗುತ್ತದೆ. ಆಕಾಶ ನೋಡಿದೆ, ಪಶ್ಚಿಮದಲ್ಲಿ ಮೋಡ ಹರಿದು ಗಣಿಯ ಮೇಲೆ ಬಿಸಿಲು ಬಿದ್ದಿದೆ, ಬೇಲಿಯ ಕಂಬಗಳನ್ನು ಎಣಿಸುವಷ್ಟು ಬೆಳಕು, ಇಷ್ಟು ಬೆಳಕಿನಲ್ಲಿ ಕಣ್ಣಿಂದ ಇಳಿಸಲಾಗದ ಕ್ಯಾಪ್ಟನ್‌ಗಳಿದ್ದರೆ ಅವರು ಬಸ್ಸು ಓಡಿಸಲಿ, ಬೇಡ, ಬಸ್ಸೂ ಬೇಡ. ಹೆದರಿಕೆ ಇದೆ, ಇಲ್ಲ ಅನ್ನುವುದಿಲ್ಲ, ಏನಾದರೂ ಆದರೆ — ಆಗಲಿ, ನನ್ನ ಹೆಸರಲ್ಲೇ ಆಗಲಿ, ಆದರೆ ನಿಜ ಹೇಳಿ ಆಗಲಿ. ಇಂಟರ್‌ಕಾಮ್ ಒತ್ತಿದೆ. ಎಂಟು, ಅಂದೆ. ಬೆನ್ನ ಹಿಂದೆ ದೊಡ್ಡ ಉಸಿರು, ಬಿಗಿಹಿಡಿದ ಮನೆಯೇ ಉಸಿರು ಬಿಟ್ಟ ಹಾಗೆ, ಜಾಣೆ, ಅಂದರು ಮೇಷ್ಟ್ರು, ಹೆಗಲ ಮೇಲೆ ಕೈ ಬಂದು ಕೂತಿತು, ಗೊತ್ತಿತ್ತು ನಂಗೆ, ಜಾಣೆ ನೀನು. ಕೆಳಗಿನ ಕೋಣೆಯವನು, ಏನು ಎಂಟು, ಬಿಡಿಸಿ ಹೇಳು ಸೂಜಿ. ಬಿಡಿಸಿಯೇ ಹೇಳಬೇಕು, ಮೇಷ್ಟ್ರ ಪಾಠ ಮರೆತಿಲ್ಲ. ರನ್‌ವೇ ಎಂಟು. ಈಗಿನಿಂದ ಇಳಿಯೋರಿಗೂ ಏರೋರಿಗೂ ರನ್‌ವೇ ಸೊನ್ನೆ ಎಂಟು, ಎಲ್ರನ್ನೂ ತಿರುಗಿಸು, ಗಣಿ ಕಡೆಯಿಂದ ಕರ್ಕೊಂಡು ಬಾ. ಹೆಗಲ ಮೇಲಿನ ಕೈ ಹಾಗೇ ಇತ್ತು, ತೆಗೆಯಬೇಕೆನ್ನುವುದೂ ಮರೆತ ಕೈ. ಕೆಳಗಿನ ಕೋಣೆಯವನು, ಅಬ್ಬಾ, ಅಂದ, ಅಷ್ಟೇ, ಅಬ್ಬಾ, ಬರ್ಕೊಂಡೆ ಸೂಜಿ.

ಎಂಟು ಅನ್ನಮ್ಮ ಅಂದಿರಿ, ಅಂದೆ. ಸಾವಿರ ಸಲ ಕೇಳಿದಿರಿ, ತಗೊಳ್ಳಿ, ಟೇಪಿನಲ್ಲಿ ಸ್ಪಷ್ಟವಾಗಿ ಬಿದ್ದಿದೆ. ಮೇಷ್ಟ್ರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು, ಫೋನು ಹೊಡೆದುಕೊಳ್ಳುತ್ತಿದೆ, ಎತ್ತುತ್ತಿಲ್ಲ, ಇದು ನನ್ನ ಪರವೋ ವಿರುದ್ಧವೋ ಗೊತ್ತಿಲ್ಲ, ಕೇಳಲು ಪುರುಸೊತ್ತಿಲ್ಲ. ಹೊರಡಲು ನಿಂತಿದ್ದ ಒಬ್ಬ ಪೈಲಟ್, ಆ ತುದಿ ತನಕ ಉರುಳ್ಬೇಕಾ ಟವರ್, ಅಂತ ಮುಖ ಊದಿಸಿಕೊಂಡ ದನಿಯಲ್ಲಿ, ಹೌದು ಸ್ವಾಮಿ, ಉರುಳಿ, ಚಕ್ರ ಇರುವುದೇ ಅದಕ್ಕೆ, ಇದನ್ನು ಹೇಳಲಿಲ್ಲ, ಎಡಕ್ಕೆ ತಿರುಗಿ ಅಂದೆ. ಸಾಲಾಗಿ ತಿರುಗಿದರು, ಗೊಣಗುತ್ತ, ಒಬ್ಬರ ಹಿಂದೆ ಒಬ್ಬರು. ಸಂಜೆ ಏನಾಗುತ್ತದೆ, ಪತ್ರ ಬರುತ್ತದೆ, ಕರೆದು ಕೂರಿಸಿ ಕೇಳುತ್ತಾರೆ, ಮತ್ತೆ ನೆಲದ ಮೇಜು, ಅಥವಾ ಅದೂ ಇಲ್ಲ, ಅಕ್ಕ ಬೈಯುತ್ತಾಳೆ, ನಿಂಗ್ಯಾಕೆ ಬೇಕಿತ್ತು ಅಂತ ಬೈದು ಆಮೇಲೆ ಟೀ ಮಾಡಿ ಕೊಡುತ್ತಾಳೆ, ಇವತ್ತು ಗಂಟಲಲ್ಲಿ ಇಳಿಯುತ್ತದೆ, ಎಷ್ಟು ಲೋಟ ಬೇಕಾದರೂ ಇಳಿಯುತ್ತದೆ. ಭಾವ ಎಷ್ಟು ನಾಟ್ ಅಂತ ಕೇಳಿದರೆ ಹದಿಮೂರು ಅನ್ನುತ್ತೇನೆ. ಭಾವಾ, ಹದಿಮೂರು ಇತ್ತು, ಹದಿಮೂರು ಅಂತಲೇ ಹೇಳಿದೆ. ಆಗ ಅವರ ಮುಖ ಹೇಗಾಗುತ್ತದೆ, ನೋಡಬೇಕು, ಇವತ್ತು ಗೋಡೆ ನೋಡುವುದಿಲ್ಲ.

ಕೆಮ್ಮು. ಟವರ್, ರನ್‌ವೇ ಸೊನ್ನೆ ಎಂಟಕ್ಕೆ ನೇರವಾಗಿದ್ದೇನೆ, ರನ್‌ವೇ ಕಾಣ್ತಿದೆ, ಗಾಳಿ ಹೇಳಿ. ಕುರ್ಚಿ ತಿರುಗಿಸಿದೆ, ಇಡೀ ದಿನ ಬೆನ್ನು ಕೊಟ್ಟಿದ್ದ ಪಶ್ಚಿಮದ ಗಾಜು, ಅದರಲ್ಲಿ ಎರಡು ದೀಪ, ಗಣಿಯ ಮೇಲೆ, ನಿಂತಲ್ಲೇ ನಿಂತು ದಪ್ಪವಾಗುತ್ತ. ಇಳಿಯಬಹುದು, ಗಾಳಿ ಹದಿಮೂರು ನಾಟ್, ನಿಮ್ಮ ಎದುರಿಗೆ. ಅದೇ ಹದಿಮೂರು, ಬೆನ್ನಿಗಿದ್ದಾಗ ಕೊಲ್ಲುತ್ತಿದ್ದದ್ದು ಈಗ ಎದೆಗೆ ಕೈಯೊಡ್ಡಿ ತಡೆದು ನಿಲ್ಲಿಸುತ್ತದೆ, ಬದಲಾದದ್ದು ಗಾಳಿಯಲ್ಲ, ಬರೀ ಮುಖ. ಬೆನ್ನ ಹಿಂದೆ ಮೇಷ್ಟ್ರು ಎದ್ದು ಬಂದು ನಿಂತಿದ್ದಾರೆ, ಉಸಿರು ಕೇಳಿಸುತ್ತಿದೆ, ಪೆಪ್ಪರ್‌ಮಿಂಟ್ ಇಲ್ಲ, ಇನ್ನೂ ಸ್ವಲ್ಪ ಎತ್ತರ ಇರ್ಬೇಕಿತ್ತು, ಅನ್ನುತ್ತಾರೆ, ಯಾರಿಗೂ ಅಲ್ಲದ ಹಾಗೆ, ಸುಮ್ಮನಿರಿ ಮೇಷ್ಟ್ರೇ, ನೋಡಿ, ದೀಪ ಗಣಿ ದಾಟುತ್ತಿದೆ, ಹಸಿರು ನೀರಿನ ಮೇಲೆ ಅದರ ನೆರಳು ಹಾದುಬಂತು, ನಾನು ಮೈಕಿನ ಗುಂಡಿ ಬಿಟ್ಟಿಲ್ಲ, ಬಿಡಬೇಕು, ಬಿಟ್ಟೆ, ರೆಕ್ಕೆ ಒಂಚೂರು ಓಲಾಡಿತು, ಸರಿಯಾಯಿತು, ಮತ್ತೆ ಓಲಾಡಿತು, ಕೆಮ್ಮಬೇಡ ಮಾರಾಯ, ಈಗ ಕೆಮ್ಮಬೇಡ, ಬೇಲಿ, ಬೇಲಿ ಬಂತು, ಬೇಲಿಯಲ್ಲಿ ಹಳದಿ, ತಂತಿಗೆ ಬೆನ್ನು ಒತ್ತಿ ಉಬ್ಬಿದ ಕವರು, ಗಾಳಿ ಎಲ್ಲಿಂದ ಎಂದು ಮೊದಲು ಹೇಳಿದ್ದು ಅದೇ, ಈಗ ಅದರ ಮೇಲೆ ಚಕ್ರಗಳು, ಅದರ ಮೇಲೆ, ದಾಟುತ್ತಿವೆ, ದಾಟಿದವು, ಹಳದಿ ಒಮ್ಮೆ ಚಪ್ಪಟೆಯಾಗಿ ಮತ್ತೆ ಉಬ್ಬಿತು, ಹಳದಿ, ಬೇಲಿಯಲ್ಲಿ, ಗಣಿಯ ಈಚೆ, ಹಳದಿ ಕವರು —